ಪೆನ್ನು ನಿಂತ ಸಾಲು

ಕಮಲಾಪುರ ಬಸ್‌ಸ್ಟ್ಯಾಂಡಿನ ಎದುರಿಗೆ ಸಾಬಮ್ಮನ ಬಾಳೆಹಣ್ಣಿನ ಬಂಡಿ. ಅಲ್ಲಿ ಹಣ್ಣು ಕೊಂಡವರಿಗೆಲ್ಲ ಹಣ್ಣಿನ ಜೊತೆಗೆ ಅವಳ ಮಗನ ಕಥೆಯೂ ಸಿಗುತ್ತಿತ್ತು, ಅದಕ್ಕೆ ಬೇರೆ ರೇಟು ಇರಲಿಲ್ಲ. ಮಗ ಆನಂದಕುಮಾರ ಹತ್ತನೆಯ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋದದ್ದು, ಆಮೇಲೆ ಅವನು ಕೇಳಿ ಕೇಳಿಯೇ ಒಂದೊಂದು ವಿಷಯ ಪಾಸು ಮಾಡಿಕೊಂಡದ್ದು, ಗಣಿತ ಒಂದು ಮಾತ್ರ ಗಂಟಲಲ್ಲಿ ಮುಳ್ಳಾಗಿ ಉಳಿದದ್ದು. ಮಗ ಪಕ್ಕದಲ್ಲೇ ಕೂತು, ಕೆಂಪು ಬಾಳೆ ಒಂದು ಕಡೆ ಹಳದಿ ಬಾಳೆ ಒಂದು ಕಡೆ ಮಾಡುತ್ತ, ತನ್ನದೇ ಪುರಾಣವನ್ನು ದಿನಕ್ಕೆ ಹತ್ತು ಸಲ ಕೇಳಬೇಕಾಗುತ್ತಿತ್ತು. ಇಪ್ಪತ್ತೇಳು ವರ್ಷದ ಗಂಡಸಿಗೆ ಅದು ಹಿತವಾದ ಸಂಗತಿಯಲ್ಲ. ಆದರೆ ಸಾಬಮ್ಮನ ಬಾಯಿಗೆ ಬೀಗ ಹಾಕುವವರು ಕಮಲಾಪುರ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಬಾಯಿಯಿಂದಲೇ ಒಂದು ದಿನ ಒಳ್ಳೆಯದಾಯಿತು. ಜೂನ್ ತಿಂಗಳು. ಕಲಬುರಗಿಯ ಬಸ್ಸಿಗೆ ಕಾಯುತ್ತಿದ್ದ ಹಿರಿಯ ಹೆಂಗಸೊಬ್ಬರು ಬಂಡಿಯ ನೆರಳಿಗೆ ಬಂದು ನಿಂತರು, ಅರ್ಧ ಡಜನ್ ಕೆಂಪು ಬಾಳೆ ಕೇಳಿದರು, ಕಥೆಯನ್ನೂ ಪೂರ್ತಿ ಕೇಳಿದರು. ಕೇಳಿ, ಅಯ್ಯೋ ಪಾಪ ಅನ್ನಲಿಲ್ಲ. ಆನಂದ ಅದನ್ನು ಗಮನಿಸಿದ.

"ಕಣ್ಣಿಲ್ಲದವ್ರು ಗಣಿತ ಬಿಟ್ಟು ಬ್ಯಾರೆ ವಿಷಯ ತಗೋಳಾಕ ಬರ್ತದಲ್ಲ?" ಎಂದರು.

ಈ ಸಲ ತಾಯಿಗಿಂತ ಮೊದಲು ಮಗನೇ ಬಾಯಿ ತೆರೆದ. "ಬರ್ತದ್ರಿ. ಆದ್ರ ಕಲಬುರಗಿಯಾಗ ಮಾತಾಡೋ ಕಂಪ್ಯೂಟರ್ ಕಲಸೋ ಒಂದು ಕೇಂದ್ರ ಅದ. ಕಲತವ್ರಿಗೆ ಅವ್ರ ನೌಕರಿ ಹಚ್ಚಿ ಕೊಡ್ತಾರ. ಅಲ್ಲಿ ಸೇರಬೇಕಂದ್ರ ಹತ್ತನೇದು ಗಣಿತ ಹಿಡದು ಪಾಸ್ ಆಗಿರಬೇಕು, ಇಪ್ಪತ್ತೆಂಟು ತುಂಬಿರಬಾರದು. ನನಗ ಉಳದದ್ದು ಇದೊಂದ ಪರೀಕ್ಷಾ ನೋಡ್ರಿ."

ಹೆಂಗಸು ಹಣ್ಣನ್ನು ಚೀಲಕ್ಕೆ ಹಾಕಿಕೊಂಡರು. ಬಸ್ಸು ಬಂದ ಸದ್ದಾಯಿತು. "ನಾ ಮೂವತ್ತೆರಡು ವರ್ಷ ಗಣಿತಾನ ಕಲಿಸೀನಿ," ಎಂದರು. "ರವಿವಾರ ಬಾ. ಶಹಾಬಜಾರದಾಗ ಮಥುರಾಬಾಯಿ ಟೀಚರ್ ಮನಿ ಎಲ್ಲದ ಅಂದ್ರ ಯಾರರ ತೋರಸ್ತಾರ."

ತೋರಿಸುತ್ತಾರೆ ಎಂದ ಮೇಲೆ ಅವರು ನಾಲಿಗೆ ಕಚ್ಚಿಕೊಂಡರೋ ಇಲ್ಲವೋ, ಆನಂದನಿಗೆ ಕಾಣುವಂತಿರಲಿಲ್ಲ.

ರವಿವಾರ ಅವನನ್ನು ಬಸ್ಸು ಹತ್ತಿಸುವಾಗ ಸಾಬಮ್ಮ ಎಚ್ಚರಿಕೆ ಹೇಳಿದಳು. "ಮಡಿ ಮೈಲಿಗಿ ಮಂದಿ ಅದಾರ. ಹೊರಗ ಕಟ್ಟಿ ಮ್ಯಾಲ ಕುಂದ್ರು. ಕರೀದ ಒಳಗ ಹೋಗಬ್ಯಾಡ." ಹಾಗೆಯೇ ಅವನು ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಕೋಲು ತಟ್ಟುತ್ತ, ಕೇಳುತ್ತ ಕೇಳುತ್ತ ಮನೆ ಮುಟ್ಟಿ, ಕಟ್ಟೆಯ ಮೇಲೆ ಕೂತು ಕೂಗಿದ. ಒಳಗಿನಿಂದ ಉತ್ತರ ಬಂತು. "ಟೇಬಲ್ ಒಳಗದ. ಕಟ್ಟಿ ಮ್ಯಾಲ ಗಣಿತ ಆಗೂದಿಲ್ಲ." ಚಹಾ ಕುಡಿದಾದ ಮೇಲೆ ಅವನು ರೂಢಿಯಂತೆ ಲೋಟ ತೊಳೆದಿಡಲು ಎದ್ದ. "ಲೋಟ ಇಡು, ಲೆಕ್ಕ ಹಿಡಿ," ಎಂದರು ಟೀಚರ್. ಆ ಮನೆಯಲ್ಲಿ ಆ ವಿಷಯ ಅಲ್ಲಿಗೇ ಮುಗಿಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಆನಂದ ಗಣಿತಕ್ಕಿಂತ ಆ ಲೋಟವನ್ನೇ ಹೆಚ್ಚು ನೆನೆದ.

ಮೊದಲನೆಯ ಲೆಕ್ಕ ಬಹಳ ಸಣ್ಣದು. ಒಂದು ಸಂಖ್ಯೆಯ ಮೂರು ಪಟ್ಟಿಗೆ ಐದು ಕೂಡಿಸಿದರೆ ಇಪ್ಪತ್ತಾರು, ಆ ಸಂಖ್ಯೆ ಯಾವುದು?

"ಏಳು," ಎಂದ ಆನಂದ, ಪ್ರಶ್ನೆ ಮುಗಿಯುವ ಮೊದಲೇ. ಬಂಡಿಯ ಮೇಲೆ ಬೆಳೆದ ತಲೆ ಅದು.

"ಹ್ಯಾಂಗ?"

"ಹ್ಯಾಂಗಂದ್ರ ಏಳ್ರಿ ಟೀಚರ್."

"ಏಳಕ್ಕ ಒಂದು ಮಾರ್ಕು. ಏಳರ ತನಕ ನಡದ ದಾರಿಗೆ ಎರಡು. ನೀ ಹಾರಿ ಬಂದೀದಿ, ಪೇಪರ್ ನೋಡೋರಿಗೆ ನಿನ್ನ ಹೆಜ್ಜಿ ಕಾಣಬೇಕು." ಗೊತ್ತಿಲ್ಲದ್ದಕ್ಕೆ x ಎಂದು ಹೆಸರಿಡು. ಮೂರು x, ಪ್ಲಸ್ ಐದು, ಸಮ ಇಪ್ಪತ್ತಾರು. ಐದನ್ನು ಎರಡೂ ಕಡೆ ಕಳೆ. ಮೂರು x ಸಮ ಇಪ್ಪತ್ತೊಂದು. ಮೂರರಿಂದ ಭಾಗಿಸು. ಈಗ ಹೇಳು ಏಳು. ಕೊನೆಗೆ ಏಳನ್ನು ಮೊದಲಿನ ಸಾಲಿಗೆ ಹಾಕಿ ತಾಳೆ ನೋಡು. ಅವನಿಗೆ ಇದು ಎದುರುಮನೆಗೆ ಹೋಗಲು ಊರು ಸುತ್ತಿದಂತೆ ಅನಿಸಿತು. ಆದರೂ ಹೇಳಿದ.

ಪರೀಕ್ಷೆಯಲ್ಲಿ ಅವನ ಪಕ್ಕದಲ್ಲಿ ಕೂತು ಬರೆಯುವುದಕ್ಕೆ ಒಂಬತ್ತನೆಯ ಕ್ಲಾಸಿನ ಒಬ್ಬರನ್ನು ಕೊಡುತ್ತಾರೆ. ಅವರು ಪ್ರಶ್ನೆ ಓದಬೇಕು, ಇವನು ಹೇಳಿದ್ದನ್ನು ಹೇಳಿದಂತೆ ಬರೆಯಬೇಕು, ತಪ್ಪಿದ್ದರೂ ತಿದ್ದಬಾರದು. ಹಾಗಾಗಿ ಮಥುರಾಬಾಯಿ ಮೊದಲ ದಿನದಿಂದಲೇ ಪೆನ್ನು ಹಿಡಿದು ಕೂತರು. "ಇಲ್ಲಿ ನಾ ಟೀಚರ್ ಅಲ್ಲ, ನಿನ್ನ ಕೈ. ಕೈಗೆ ಬುದ್ಧಿ ಇರೂದಿಲ್ಲ, ಬಾಯಿ ಇರೂದಿಲ್ಲ." ಹತ್ತು ಲೆಕ್ಕ ಬರೆಸಿಕೊಂಡ ಮೇಲೆಯೇ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುತ್ತಿದ್ದರು.

ಮೊದಲೆರಡು ತಿಂಗಳು ಆನಂದ ಹಾರಾಡಿದ. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು. ಸಾಬಮ್ಮನ ಕಥೆಗೆ ಹೊಸ ಅಧ್ಯಾಯವೇ ಸೇರಿತು. ಸುಖ ಎಂಬುದು ಹೀಗೆಯೇ, ಬಂದಾಗ ಎಲ್ಲಿಂದ ಬಂತು ಎಂದು ಯಾರೂ ವಿಚಾರಿಸುವುದಿಲ್ಲ.

ಆಗಸ್ಟಿನ ಒಂದು ರವಿವಾರ ಅದು ಎಲ್ಲಿಂದ ಬರುತ್ತಿತ್ತು ಎಂಬುದು ಹೊರಬಿತ್ತು. ಅವನು ಒಂದು ಸಮೀಕರಣ ಬಿಡಿಸುತ್ತಿದ್ದ. "ಮೈನಸ್ ನಾಕು ಆ ಕಡಿ ಹೋದ್ರ ಪ್ಲಸ್ ನಾಕು," ಎಂದ. ಸರಿಯಾಗಿಯೇ ಹೇಳಿದ್ದ. ಅಷ್ಟರಲ್ಲಿ ಟೀಚರ ಪೆನ್ನು ನಿಂತಿತು. ರೀಫಿಲ್ಲು ಮುಗಿದಿತ್ತು, ಅಷ್ಟೇ. ಆದರೆ ಆನಂದ ಒಂದು ಗಳಿಗೆ ಕಿವಿಗೊಟ್ಟು, "ಅಲ್ಲ ಅಲ್ರಿ, ಮೈನಸ್ ನಾಕು," ಎಂದುಬಿಟ್ಟ.

ಮಥುರಾಬಾಯಿ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಸರಿ ಇದ್ದದ್ದನ್ನ ಯಾಕ ತಪ್ಪು ಮಾಡ್ದಿ?"

ಅವನಿಗೇ ಆಗ ತಿಳಿಯಿತು. ಕಣ್ಣು ಹೋದ ಮೇಲೆ ಅವನ ಕಿವಿ ಮೊನಚಾಗಿತ್ತು. ತಾನು ತಪ್ಪು ಹೇಳಿದಾಗ ಟೀಚರ ಪೆನ್ನು ಕೂದಲೆಳೆಯಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಆ ಕಿವಿ ಅವನಿಗೂ ಹೇಳದೆ ಕಂಡುಹಿಡಿದಿತ್ತು. ನಿಂತ ಕೂಡಲೇ ಅವನು ಪ್ಲಸ್ ಇದ್ದದ್ದನ್ನು ಮೈನಸ್ ಮಾಡುತ್ತಿದ್ದ, ಮೈನಸ್ ಇದ್ದದ್ದನ್ನು ಪ್ಲಸ್. ಹತ್ತಕ್ಕೆ ಹತ್ತು ಬಂದದ್ದು ಹಾಗೆ.

"ನೀ ಲೆಕ್ಕ ಮಾಡಾಕತ್ತಿಲ್ಲಪಾ," ಎಂದರು ಮಥುರಾಬಾಯಿ, ಸಿಟ್ಟಿಲ್ಲದೆ. "ನನ್ನ ಪೆನ್ನು ಕೇಳಾಕತ್ತೀದಿ. ತಪ್ಪು ನಿಂದಲ್ಲ, ನನ್ನ ಕೈದು. ಇನ್ನ ಮುಂದ ಕೈ ಸುಮ್ಮನಿರ್ತದ."

ಅಂದಿನಿಂದ ಆ ಪೆನ್ನು ಸರಿ ಸಾಲಿಗೂ ತಪ್ಪು ಸಾಲಿಗೂ ಒಂದೇ ಓಟ ಓಡಿತು. ಮುಂದಿನ ರವಿವಾರ ಹತ್ತಕ್ಕೆ ಮೂರು. ಅದರ ಮುಂದಿನದು ಹತ್ತಕ್ಕೆ ಎರಡು. ಬಾವಿಯೊಳಗೆ ಇಳಿದವನ ಹಗ್ಗ ಮೇಲಿನವರು ಬಿಟ್ಟಂತೆ ಆಯಿತು ಅವನಿಗೆ. ತಾನು ಮುಗ್ಗರಿಸುವುದನ್ನು ನೋಡುತ್ತ, ಸುಮ್ಮನೆ ಬರೆಯುತ್ತ ಕೂರುವ ಇಂಥ ಕಲ್ಲೆದೆಯ ಟೀಚರ್ ಯಾರಿಗೆ ಬೇಕು? ಅವನು ಹೋಗುವುದನ್ನೇ ಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಅವ್ವನಿಗೂ, ಫೋನು ಮಾಡಿ ಕೇಳಿದ ಟೀಚರಿಗೂ ಬಸ್ಸು ಸರಿಯಿಲ್ಲ ಎಂದ.

ಎರಡು ರವಿವಾರ ಕಳೆದವು. ಮೂರನೆಯ ರವಿವಾರ ಬೆಳಿಗ್ಗೆ ಬಂಡಿಯ ಪಕ್ಕದಲ್ಲಿ ಯಾರೋ ಸ್ಟೂಲು ಎಳೆದು ಕೂತರು.

"ಬಸ್ ಚಲೋ ಅದಾವಲ್ಲ," ಎಂದರು ಮಥುರಾಬಾಯಿ. "ನಾ ಕುಂತ ಬಂದೆ."

ಅರವತ್ತೈದು ದಾಟಿದ ಜೀವ, ಮಂಡಿ ನೋವು, ಒಂದು ತಾಸಿನ ದಾರಿ. ಆನಂದ ನಾಚಿ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟ. ಸಾಬಮ್ಮ ಗಾಬರಿಯಾಗಿ ಸೆರಗಿನಿಂದ ಸ್ಟೂಲು ಒರೆಸಲು ಹೋದಳು, ಅದರ ಮೇಲೆ ಅವರು ಆಗಲೇ ಕೂತಾಗಿತ್ತು.

"ಇವತ್ತು ಹೊಸ ಪಾಠ, ಸಂಭವನೀಯತೆ," ಎಂದು ಟೀಚರ್ ಬಂಡಿಯ ಮೇಲಿನ ಖಾಲಿ ಚೀಲ ತೆಗೆದುಕೊಂಡರು. "ಚೀಲದಾಗ ಮೂರು ಕೆಂಪು ಬಾಳಿ, ಐದು ಹಳದಿ ಬಾಳಿ ಹಾಕೀನಿ. ನೋಡದ ಒಂದು ತಗದ್ರ ಅದು ಕೆಂಪು ಬರೋ ಸಂಭವ ಎಷ್ಟು?"

"ಒಂದ್ರಿ," ಎಂದ ಆನಂದ.

"ಒಂದು ಅಂದ್ರ ಖಾತ್ರಿ ಅಂತ ಅರ್ಥ. ಹ್ಯಾಂಗ ಖಾತ್ರಿ?"

"ಕೆಂಪು ಬೇಕಂದ್ರ ಕೆಂಪ ತಗೀತೀನ್ರಿ." ಚೀಲಕ್ಕೆ ಕೈ ಹಾಕಿ ಒಂದು ತೆಗೆದ. ಕೆಂಪು. ಇನ್ನೊಂದು, ಕೆಂಪು. ಮತ್ತೊಂದು, ಕೆಂಪು. ಹುಟ್ಟಿದಾಗಿನಿಂದ ಬಾಳೆಯ ನಡುವೆ ಬೆಳೆದವನು. ಕೆಂಪು ಬಾಳೆಯ ದಪ್ಪ ಮೈ, ಮೊಂಡು ಮೂಗು ಅವನ ಬೆರಳಿಗೆ ಗೊತ್ತು.

ಮಥುರಾಬಾಯಿ ನಕ್ಕರು. ಅವರು ನಕ್ಕದ್ದನ್ನು ಆನಂದ ಅಂದು ಮೊದಲ ಸಲ ಕೇಳಿದ, ಸಣ್ಣ ಹುಡುಗಿಯರ ನಗು ಇದ್ದಹಾಗೆ ಇತ್ತು. "ಪುಸ್ತಕ ಬರದವ್ರಿಗೆ ನಿನ್ನ ಪರಿಚಯ ಇಲ್ಲ ನೋಡು. ನೋಡದ ಅಂದ್ರ ತಿಳೀದ ಅಂತ ತಿಳಕೊಂಡಾರ ಪಾಪ," ಎಂದು ಎದ್ದು ಪಕ್ಕದ ಬಳೆ ಅಂಗಡಿಗೆ ಹೋದರು. ಬಳೆ ಅಂಗಡಿಯ ಬಷೀರುನ್ನೀಸಾಳಿಂದ ಮೂರು ಕೆಂಪು, ಐದು ಹಳದಿ ಗಾಜಿನ ಬಳೆ ತಂದು ಚೀಲಕ್ಕೆ ಹಾಕಿದರು, ಎಲ್ಲವೂ ಒಂದೇ ಅಳತೆ. "ಈಗ ತಗಿ."

ಆನಂದ ಒಂದು ತೆಗೆದ. ಬೆರಳಾಡಿಸಿದ, ಉಗುರಿನಿಂದ ತಟ್ಟಿದ, ಮೂಸಿಯೂ ನೋಡಿದ.

"ಯಾವ ಬಣ್ಣ?"

"ಗೊತ್ತಾಗವಲ್ದು."

"ಎಷ್ಟು ಗೊತ್ತಾಗವಲ್ದು?"

ಇಂಥ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ. ಅವನು ಚೀಲದಲ್ಲಿ ಉಳಿದ ಬಳೆಗಳನ್ನು ಬೆರಳಿನಿಂದ ಎಣಿಸಿದ. "ಎಂಟರೊಳಗ ಮೂರರಷ್ಟು ಕೆಂಪಿರಬಹುದ್ರಿ," ಎಂದ.

"ಅಷ್ಟ ಸಂಭವನೀಯತೆ. ನಾನೂ ಕಣ್ಣು ಮುಚ್ಚಿ ತಗದ್ರ ಅಷ್ಟ. ಕಣ್ಣಿದ್ದವ್ರು ಕಣ್ಣಿಲ್ಲದವ್ರು ಇಬ್ರಿಗೂ ಎಂಟರೊಳಗ ಮೂರ." ಬಳೆಗಳನ್ನು ಚೀಲದಿಂದ ತೆಗೆಯುತ್ತ ಹೇಳಿದರು, "ನೀ ಬರಲಾರದ್ದಕ್ಕ ನನಗ ಎರಡು ವಾರ ರವಿವಾರ ಆಗಿದ್ದ ಗೊತ್ತಾಗಲಿಲ್ಲ."

ಕಣ್ಣಿದ್ದವರೂ ಗೊತ್ತಿಲ್ಲದ ಜಾಗದಲ್ಲಿ ನಿಂತು ಒಂದೊಂದು ಹೆಜ್ಜೆ ಎಣಿಸಲೇಬೇಕು ಎನ್ನುವುದು ಆನಂದನಿಗೆ ಹೊಸ ಸುದ್ದಿ. ಅದರಿಂದ ಅವನಿಗೆ ಬಹಳ ಸಮಾಧಾನವಾಯಿತು. ಮುಂದಿನ ರವಿವಾರದಿಂದ ಅವನು ಒಂದೂ ತಪ್ಪಿಸಲಿಲ್ಲ. ಸಾಲು ಮನಸ್ಸಿನಲ್ಲಿ ನಿಲ್ಲದಾಗ ಬೆರಳ ಗೆಣ್ಣುಗಳ ಮೇಲೆ ಇಟ್ಟುಕೊಂಡ. ಬಂದ ಉತ್ತರವನ್ನು ಮೊದಲ ಸಾಲಿಗೆ ಹಾಕಿ ತಾಳೆ ನೋಡದೆ ಮುಂದಕ್ಕೆ ಹೋಗದಾದ. ಹತ್ತಕ್ಕೆ ನಾಲ್ಕು, ಐದು, ಸಂಕ್ರಾಂತಿಯ ಹೊತ್ತಿಗೆ ಆರು. ಈ ಆರು ಆ ಹತ್ತಕ್ಕಿಂತ ದೊಡ್ಡದು ಎಂಬುದು ಅವನಿಗೂ ಗೊತ್ತಿತ್ತು, ಸಾಬಮ್ಮನಿಗೆ ಮಾತ್ರ ಹೇಳಿ ಒಪ್ಪಿಸಲಾಗಲಿಲ್ಲ.

ಪರೀಕ್ಷೆ ಕಲಬುರಗಿಯ ಒಂದು ಶಾಲೆಯಲ್ಲಿ. ಬರೆಯಲು ಬಂದವಳು ಸಪ್ನಾ ಎಂಬ ಹುಡುಗಿ, ಒಂಬತ್ತನೆಯ ಕ್ಲಾಸು, ಮೃದು ಮಾತಿನವಳು. "ಅಣ್ಣಾರ, ನೀವು ನಿಧಾನ ಹೇಳ್ರಿ, ನಾ ಚೆಂದ ಬರೀತೀನಿ," ಎಂದಳು. ಇಬ್ಬರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ, ಬಾಗಿಲಲ್ಲಿ ಒಬ್ಬ ಮೇಲ್ವಿಚಾರಕರು ಕುರ್ಚಿ ಹಾಕಿಕೊಂಡರು.

ಚಿತ್ರ ಬರೆಯುವ, ಗ್ರಾಫು ಎಳೆಯುವ ಪ್ರಶ್ನೆಗಳನ್ನು ಬಿಟ್ಟೇ ಅವನೂ ಟೀಚರೂ ಅಂದಾಜು ಹಾಕಿದ್ದರು. ಪಾಸಾಗಲು ಮೂವತ್ತೈದು ಬೇಕು. ಎರಡು ತಾಸು ಕಳೆದಾಗ ಅವನ ಲೆಕ್ಕದಲ್ಲಿ ಖಾತ್ರಿ ಮಾರ್ಕು ಮೂವತ್ತು, ಅನುಮಾನದ್ದು ಒಂದಿಷ್ಟು. ಆಗ ಸಪ್ನಾ ಓದಿದಳು: ಎರಡು ದಾಳಗಳನ್ನು ಒಟ್ಟಿಗೆ ಎಸೆದಾಗ ಮೊತ್ತ ಎಂಟು ಆಗುವ ಸಂಭವನೀಯತೆ ಎಷ್ಟು? ಮೂರು ಮಾರ್ಕು.

"ಒಂದು ದಾಳಕ್ಕ ಆರು ಮುಖ. ಎರಡಕ್ಕ ಆರಾರ್ಲೆ ಮೂವತ್ತಾರು," ಎಂದು ಅವನು ಶುರುಮಾಡಿದ. ಪೆನ್ನು ಸರಸರ ಓಡಿತು. "ಎಂಟು ಆಗೋವು ಯಾವ್ಯಾವಂದ್ರ, ಎರಡು ಆರು, ತಿರುವಿ ಹಾಕಿದ್ರ ಆರು ಎರಡು. ಮೂರು ಐದು, ತಿರುವಿದ್ರ ಐದು ಮೂರು. ನಾಕು ನಾಕು, ತಿರುವಿದ್ರ ನಾಕು ನಾಕು. ಒಟ್ಟು ಆರು."

ಪೆನ್ನು ನಿಂತಿತು.

ಕೂದಲೆಳೆಯಷ್ಟೇ. ಬಾಗಿಲಲ್ಲಿದ್ದವರಿಗೆ ಅದು ತಿಳಿಯುವಂತಿರಲಿಲ್ಲ, ಸಪ್ನಾಳಿಗೂ ತಾನು ನಿಂತದ್ದು ಗೊತ್ತಿದ್ದಿರಲಾರದು. ಆದರೆ ಆನಂದನ ಕಿವಿಗೆ ಅದು ಮುಟ್ಟಿತು. ಅಷ್ಟು ಸಾಕಿತ್ತು, ತಪ್ಪು ಥಟ್ಟನೆ ಅವನೆದುರಿಗೆ ಬಂದು ಕೂತಿತ್ತು. ನಾಲ್ಕು ನಾಲ್ಕನ್ನು ತಿರುವಿದರೂ ಅದು ಅದೇ ನಾಲ್ಕು ನಾಲ್ಕು. ಎರಡು ಸಲ ಎಣಿಸುವಂತಿಲ್ಲ. ಆರಲ್ಲ, ಐದು.

ಐದು ಎನ್ನಲು ಎಷ್ಟು ಹೊತ್ತು? ಯಾರು ಕೇಳುತ್ತಾರೆ? ಹುಡುಗಿ ಒಂದು ಮಾತೂ ಆಡಿಲ್ಲ, ನಿಯಮ ಮುರಿದಿಲ್ಲ. ಇದೊಂದು ಮಾರ್ಕು ಕಮ್ಮಿಯಾಗಿ ಮೂವತ್ತನಾಲ್ಕಕ್ಕೆ ನಿಂತರೆ ವರ್ಷ ಮುಗಿಯಿತು, ಕೇಂದ್ರ ಮುಗಿಯಿತು, ಬಂಡಿಯ ಪಕ್ಕದ ಸ್ಟೂಲೇ ಗತಿ. ಪೆನ್ನು ನಿಲ್ಲದೆ ಹೋಗಿದ್ದರೆ ಆ ತಪ್ಪು ತನಗೆ ತಾನೇ ಹೊಳೆಯುತ್ತಿತ್ತೋ ಇಲ್ಲವೋ? ಸಂಭವನೀಯತೆಗೆ ತಾಳೆ ನೋಡುವ ದಾರಿಯೂ ಇಲ್ಲ. ಹೊಳೆಯುತ್ತಿತ್ತು ಎಂದು ಇನ್ನು ಯಾರೂ ಹೇಳಲಾರರು. ಅವನಿಗೆ ಆ ಹುಡುಗಿಯ ಮೇಲೆ ಒಂದು ಕ್ಷಣ ಸಿಟ್ಟು ಬಂತು. ಒಳ್ಳೆಯ ಮನಸ್ಸಿನವರು ಹೀಗೆಯೇ, ತಮಗೇ ಗೊತ್ತಿಲ್ಲದೆ ಕೈ ಹಿಡಿದುಬಿಡುತ್ತಾರೆ. ಹನ್ನೆರಡು ವರ್ಷದಿಂದ ಅವನು ರಸ್ತೆಯ ಪಕ್ಕ ನಿಂತರೆ ಸಾಕು, ದಾಟಬೇಕೋ ಬೇಡವೋ ಕೇಳದೆ ಯಾರೋ ಬಂದು ಆ ಕಡೆಗೆ ಮುಟ್ಟಿಸುತ್ತಿದ್ದರು.

"ಬರೀ ತಂಗಿ," ಎಂದ. "ಒಟ್ಟು ಆರು. ಸಂಭವನೀಯತೆ ಮೂವತ್ತಾರರೊಳಗ ಆರು. ಅಂದ್ರ ಆರರೊಳಗ ಒಂದು."

ಸಪ್ನಾ ಉಸಿರು ಬಿಟ್ಟದ್ದು ಕೇಳಿಸಿತು. ಬರೆದಳು. ಅವನು ಮುಂದಿನ ಪ್ರಶ್ನೆ ಓದಿಸಿದ.

ಹೊರಗೆ ಬೇವಿನ ನೆರಳಲ್ಲಿ ಅವಳು ಕೇಳಿಯೇ ಬಿಟ್ಟಳು. "ಅಣ್ಣಾರ, ಆ ದಾಳದ ಲೆಕ್ಕ..."

"ಐದು ಆಗಬೇಕಿತ್ತು. ಅಲ್ಲೇ ಗೊತ್ತಾತು."

"ಗೊತ್ತಾಗಿ ಮತ್ಯಾಕ ಬಿಟ್ರಿ?"

"ಅದು ನಿನ್ನ ಮಾರ್ಕಿತ್ತು ತಂಗಿ," ಎಂದ ಆನಂದ. ನಂತರ ಮಾತು ಒರಟಾಯಿತೇನೋ ಅನಿಸಿ, "ಉಳದ ಅಷ್ಟೂ ಸಾಲು ನಾ ಹೇಳಿದಂಗ ಬರದಿ. ನಿನ್ನ ಉಪಕಾರ ಸಣ್ಣದಲ್ಲ," ಎಂದು ಕೈ ಮುಗಿದ. ಅವಳಿಗೆ ಎಷ್ಟು ಅರ್ಥವಾಯಿತೋ, ಅವನನ್ನು ಗೇಟಿನ ತನಕ ಬಿಡಲು ಕೈ ಚಾಚಿದವಳು, ಚಾಚಿದ ಕೈ ಹಿಂದೆ ತೆಗೆದು ಕೇಳಿದಳು. "ಗೇಟಿನ ತನಕ ಬರಲೇನ್ರಿ?" ಬಾ ಎಂದ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮೂವತ್ತೇಳು. ಸಾಬಮ್ಮ ಆ ದಿನ ವ್ಯಾಪಾರ ಮಾಡಲಿಲ್ಲ. ಬಂಡಿಯ ಮೇಲಿದ್ದ ಅಷ್ಟೂ ಕೆಂಪು ಬಾಳೆಯನ್ನು ಬುಟ್ಟಿಗೆ ತುಂಬಿ, ಮಗನ ಜೊತೆ ಬಸ್ಸು ಹತ್ತಿ, ಕಂಡಕ್ಟರಿಗೂ ಅಕ್ಕಪಕ್ಕದವರಿಗೂ ಇಡೀ ಕಥೆಯನ್ನು ಹೊಸ ಕೊನೆಯ ಸಹಿತ ಹೇಳಿ ಶಹಾಬಜಾರ ಮುಟ್ಟಿದಳು. ಮುಟ್ಟಿ, ಕಟ್ಟೆಯ ಹತ್ತಿರ ನಿಂತುಬಿಟ್ಟಳು. ಮಥುರಾಬಾಯಿ ಬಂದು ಬುಟ್ಟಿಗೆ ಒಂದು ಕೈ ಹಚ್ಚಿ, ಬುಟ್ಟಿಯ ಜೊತೆಗೆ ಅವಳನ್ನೂ ಒಳಗೆ ಎಳೆದುಕೊಂಡರು.

"ಬಾಯಾರ, ನಿಮ್ಮ ಋಣ ಹ್ಯಾಂಗ ತೀರಸಲಿ," ಎಂದು ಸಾಬಮ್ಮ ಅಳತೊಡಗಿದಳು. ಅಳುವಾಗ ಅವಳಿಗೆ ಮಾತು ಬರುತ್ತಿರಲಿಲ್ಲ, ಇದೊಂದು ಅವಳ ಮಗನಿಗೂ ಹೊಸದು.

ಆನಂದ ಬಸ್ಸಿನಲ್ಲಿ ತಯಾರು ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ಟೀಚರ್, ಎಲ್ಲಾರೂ ನನಗ ಕೈ ಹಿಡದು ದಾಟಸ್ಯಾರ್ರಿ," ಎಂದ. "ಅವ್ರ ಮ್ಯಾಲೂ ನನಗ ಸಿಟ್ಟಿಲ್ಲ. ಆದ್ರ ನಾ ಒಬ್ನ ದಾಟ್ತೀನಿ ಅಂತ ನಂಬಿ ಸುಮ್ಮನ ನಿಂತವ್ರು ನೀವೊಬ್ರ. ನಿಮ್ಮನ್ನ ಕಲ್ಲು ಅಂದಿದ್ದೆ ಮನಸಿನ್ಯಾಗ. ತಪ್ಪಾತ್ರಿ."

"ಬಾಯಿ ಬಿಗಿ ಹಿಡದು ಹಿಡದು ನನ್ನ ಹಲ್ಲು ಸವದಾವ ನೋಡು," ಎಂದರು ಮಥುರಾಬಾಯಿ. ಧ್ವನಿ ಒದ್ದೆಯಾಗಿತ್ತು, ಅದನ್ನು ಮುಚ್ಚಲು ಗದರಿದರು. "ಯಾವ ಲೆಕ್ಕದಾಗ ಹೋದ್ವು ಅದನ್ನ ಹೇಳು ಮೊದಲ."

ಅವನು ದಾಳದ ಲೆಕ್ಕ ಹೇಳಿದ. ಪೆನ್ನು ನಿಂತದ್ದು, ಐದು ಎಂದು ಹೊಳೆದದ್ದು, ಆರು ಎಂದು ಬರೆಸಿದ್ದು.

"ನಾ ಆಗಿದ್ರ ತಿದ್ದಿ ಬರಸ್ತಿದ್ದೆ," ಎಂದರು ಮಥುರಾಬಾಯಿ. "ಖರೇನ ಹೇಳ್ತೀನಿ. ಅಷ್ಟು ಧೈರ್ಯ ನನಗ ಆಗ್ತಿರಲಿಲ್ಲಪಾ."

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಪೆನ್ನು ತೆಗೆದುಕೊಳ್ಳಲಿಲ್ಲ, ಕಾಗದವನ್ನೂ ತರಲಿಲ್ಲ. "ಆ ಲೆಕ್ಕ ಅರ್ಧ ಬಿಟ್ಟು ನೀ ಮನಿಗೆ ಹೋಗಂಗಿಲ್ಲ. ಈಗ ಮಾಡು, ಮೊದಲಿಂದ."

"ಎರಡು ದಾಳಕ್ಕ ಒಟ್ಟು ಮೂವತ್ತಾರು," ಎಂದ ಆನಂದ.

"ಹೌದು," ಎಂದರು ಮಥುರಾಬಾಯಿ.

ಅವನು ಒಂದು ಗಳಿಗೆ ನಿಂತ. ಲೆಕ್ಕದ ನಡುವೆ ಈ ಮಾತನ್ನು ಅವರು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಆಮೇಲೆ ಮುಂದುವರಿಸಿದ. "ಎರಡು ಆರು, ಆರು ಎರಡು."

"ಹೌದು."

"ಮೂರು ಐದು, ಐದು ಮೂರು."

"ಹೌದು."

"ನಾಕು ನಾಕು, ಅದು ಒಂದ ಸಲ. ಒಟ್ಟು ಐದು. ಮೂವತ್ತಾರರೊಳಗ ಐದು."

"ಹೌದಪಾ," ಎಂದರು ಮಥುರಾಬಾಯಿ, ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು. ಆನಂದ ಕೈ ಬಿಡಿಸಿಕೊಳ್ಳಲಿಲ್ಲ.